ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದಿದ್ದು ಹೇಗೆ?

ಮಲ್ಪೆಯಿಂದ ದೋಣಿ ಹತ್ತಿದರೆ ಸಿಗುವ ಪುಟ್ಟ ದ್ವೀಪಗಳ ಗುಂಪೇ ಸೇಂಟ್ ಮೇರೀಸ್. ವಾಸ್ಕೋ ಡ ಗಾಮಾ ಮೊದಲು ಇಲ್ಲಿ ಇಳಿದು, ಆಮೇಲೆ ಕಲ್ಲಿಕೋಟೆಗೆ ಹೋದ ಎಂದು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ?

ಅಲ್ಲ. ಗಾಮಾನ ಜೊತೆ ಬಂದಿದ್ದವರೊಬ್ಬರ ದಿನಚರಿ ಪ್ರಕಾರ, ಹಡಗುಗಳು 1498ರ ಮೇ ತಿಂಗಳಲ್ಲಿ ಮೊದಲು ತಲುಪಿದ್ದು ಕಲ್ಲಿಕೋಟೆಯ ಕರಾವಳಿಯನ್ನೇ. ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು ಉತ್ತರಕ್ಕೆ ಸಾಗುವಾಗ, ಸೆಪ್ಟೆಂಬರ್‌ನಲ್ಲಿ, ದಡದ ಸಮೀಪದ ದ್ವೀಪವೊಂದರಲ್ಲಿ ಕಲ್ಲಿನ ಕಂಬ ನೆಟ್ಟರು. ಪೋರ್ಚುಗಲ್ ದೊರೆ ಕೊಟ್ಟು ಕಳಿಸಿದ್ದ ಆ ಕಂಬದ ಹೆಸರು 'ಸಾಂತಾ ಮರಿಯಾ', ಅಂದರೆ ಸಂತ ಮೇರಿ. ಆ ದ್ವೀಪ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಹೆಸರು ಮೊದಲು ಕಂಬದ್ದು, ಆಮೇಲೆ ದ್ವೀಪದ್ದು.

ಹಾಗಾದರೆ ಇಂದು ನಾವು ಅಲ್ಲಿ ಕಾಣುವ ಸಾಲು ಸಾಲು ಕಲ್ಲುಕಂಬಗಳು? ಅವನ್ನು ಯಾರೂ ನೆಟ್ಟಿದ್ದಲ್ಲ. ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕುಬಿಟ್ಟು ಕೋಟ್ಯಂತರ ವರ್ಷಗಳ ಹಿಂದೆ ಮೂಡಿದವು.