ಗುರುಗ್ರಾಮದಲ್ಲಿ ಭಾಷೆಗೆ ಬೆಲೆ ಕಟ್ಟೋರು ಯಾರು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗೆ ಈ ವಾರದ ಮಾತು ಇಲ್ಲಿದೆ.

2025ರ ಜುಲೈ ನೆನಪಿದೆಯಾ? ಗುರುಗ್ರಾಮದ ಸೊಸೈಟಿಗಳಲ್ಲಿ ಇದ್ದಕ್ಕಿದ್ದಂತೆ ಮನೆಕೆಲಸದವರು ಬರೋದು ನಿಂತಿತು, ಕಸ ಎತ್ತೋರು ಕಾಣಲಿಲ್ಲ. ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರನ್ನು ಹುಡುಕ್ತೀವಿ ಅಂತ ಪೊಲೀಸರು ಬಂಗಾಳಿ ಮಾತಾಡುವ ಕೂಲಿಯವರನ್ನು ಕರೆದೊಯ್ದು 'ಹೋಲ್ಡಿಂಗ್ ಸೆಂಟರ್'ಗಳಲ್ಲಿ ಕೂರಿಸಿದರು. ಹೆಚ್ಚಿನವರನ್ನು ಆಮೇಲೆ ಬಿಟ್ಟರು. ಆದರೆ ಅಷ್ಟರಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ ಕಡೆಯ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರ ದಾರಿ ಹಿಡಿದಿದ್ದವು. ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಆ ವಾರ ಬಂದ ಪ್ರಶ್ನೆ ಒಂದೇ: "ಹೊಸ ಮೇಡ್ ಎಲ್ಲಿ ಸಿಗ್ತಾರೆ?"

ಅದೇ ಬಂಗಾಳಿ ಮಾತಾಡೋ ಸಾಫ್ಟ್‌ವೇರ್ ಇಂಜಿನಿಯರ್‌ನ ಬಾಗಿಲು ತಟ್ಟಿದ ಸುದ್ದಿಯನ್ನು ನಾನಂತೂ ಓದಲಿಲ್ಲ. ಭಾಷೆ ಒಂದೇ. ಹನ್ನೆರಡನೇ ಮಹಡಿಯಲ್ಲಿ ಅದು ರವೀಂದ್ರ ಸಂಗೀತ, ದುರ್ಗಾ ಪೂಜೆ. ಜುಗ್ಗಿಯಲ್ಲಿ ಅದೇ ಸಂಶಯಕ್ಕೆ ಕಾರಣ. ಇದರಿಂದ ಕೂಲಿಗೆ ಏನಾಗುತ್ತೆ ನೋಡಿ. ಮಾಮೂಲಿ ಲೆಕ್ಕದಲ್ಲಿ ಕೆಲಸದವರು ಕಡಿಮೆಯಾದ್ರೆ ಕೂಲಿ ಏರಬೇಕು. ಆದ್ರೆ ಬಾಯಿ ಬಿಟ್ಟರೆ ಎಲ್ಲಿ ಹಿಡ್ಕೊಂಡು ಹೋಗ್ತಾರೋ ಅಂತ ಹೆದರಿದವಳು ಚೌಕಾಸಿ ಮಾಡೋದು ಹೇಗೆ? ಸಂಬಳ ಬಾಕಿ ಉಳಿಸಿಕೊಂಡವರ ಮೇಲೆ ದೂರು ಕೊಡೋಕೆ ಅವಳು ಅದೇ ಠಾಣೆಗೆ ಹೋಗ್ತಾಳಾ?

ಈಗ ನಮ್ಮ ಕಡೆ ಬರೋಣ. ನಾವು ಮಾರೋದು ಇಂಗ್ಲಿಷ್. ದುಡಿಯುವ ಶಕ್ತಿಯ ಬೆಲೆಯಲ್ಲಿ ಕಲಿಕೆಯ ಖರ್ಚೂ ಸೇರುತ್ತೆ ಅಂತ ಮಾರ್ಕ್ಸ್ 'ಕ್ಯಾಪಿಟಲ್' ಮೊದಲ ಸಂಪುಟದಲ್ಲೇ ಬರೀತಾನೆ. ನಮ್ಮ ವಿಷಯದಲ್ಲಿ ಆ ಖರ್ಚು ಭರಿಸಿದ್ದು ಕಂಪನಿಯಲ್ಲ. ಕಾನ್ವೆಂಟ್ ಫೀಸಿಗೆ ಸಾಲ ಮಾಡಿದ ಅಪ್ಪ, ಅಮ್ಮ. ಇಲ್ಲಿಗೆ ಬಂದ ಮೇಲೆ ಹಿಂದಿಯನ್ನೂ ನಾವೇ ಕಲಿತ್ವಿ, ತರಕಾರಿಯವನ ಹತ್ರ. ಅದಕ್ಕೆ ಪೇ ಸ್ಲಿಪ್ಪಿನಲ್ಲಿ ಕಾಲಂ ಇಲ್ಲ.

ರಾಜಕೀಯ ಎಲ್ಲಿ ಗೆರೆ ಎಳೆಯುತ್ತೆ ಅನ್ನೋದಕ್ಕೆ ಹರಿಯಾಣದ ಸ್ಥಳೀಯ ಉದ್ಯೋಗ ಕಾಯ್ದೆ ನೋಡಿ. 2022ರ ಜನವರಿ 15ರಿಂದ ಜಾರಿ. ಖಾಸಗಿ ಕೆಲಸಗಳಲ್ಲಿ ಶೇ. 75 ಸ್ಥಳೀಯರಿಗೆ. ಆದರೆ ತಿಂಗಳಿಗೆ 30,000 ರೂಪಾಯಿವರೆಗಿನ ಸಂಬಳಕ್ಕೆ ಮಾತ್ರ. ಮೊದಲು ಈ ಮಿತಿ 50,000 ಇತ್ತು, ಇಳಿಸಿದರು. ನಮ್ಮಲ್ಲಿ ಹೆಚ್ಚಿನವರು ಆ ಗೆರೆಯ ಮೇಲಿದ್ವಿ, ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗಿದ್ದವರು ಡೆಲಿವರಿ ಹುಡುಗರು, ಗೋದಾಮಿನವರು, ಫ್ಯಾಕ್ಟರಿ ಕಾರ್ಮಿಕರು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಇದನ್ನು ರದ್ದು ಮಾಡಿತು.

ಎಂಟು ತಿಂಗಳಾಗಿತ್ತಷ್ಟೆ. 2024ರ ಜುಲೈ 15ರಂದು ಕರ್ನಾಟಕದ ಸಂಪುಟ ತನ್ನದೇ ಮಸೂದೆಗೆ ಒಪ್ಪಿತು: ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಹರಿಯಾಣದ ಕಾಯ್ದೆಯಲ್ಲಿ ಇಲ್ಲದ್ದೊಂದು ಇದರಲ್ಲಿತ್ತು: ಕನ್ನಡ. ಶಾಲೆಯಲ್ಲಿ ಕನ್ನಡ ಓದಿರಬೇಕು, ಇಲ್ಲಾಂದ್ರೆ ಪರೀಕ್ಷೆ ಪಾಸಾಗಬೇಕು. ಉದ್ಯಮದವರು ಗಲಾಟೆ ಮಾಡಿದ್ರು, ಎರಡೇ ದಿನಕ್ಕೆ ಮಸೂದೆಯನ್ನು ತಡೆಹಿಡಿದರು.

ಆ ಎರಡು ದಿನ ಇಲ್ಲಿನ ನಮ್ಮ ಕನ್ನಡ ಗ್ರೂಪಿನಲ್ಲಿ ಹಬ್ಬ. ಹರಿಯಾಣದ ಕಾಯ್ದೆಯನ್ನು ಬೈದಿದ್ದೂ ಇದೇ ಬಾಯಿ, ನನ್ನದನ್ನೂ ಸೇರಿಸಿ. ಕರ್ನಾಟಕದಲ್ಲಿ ಕನ್ನಡಿಗರಿಗೆ ಕೆಲಸ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಸರೋಜಿನಿ ಮಹಿಷಿ ವರದಿ 1980ರ ದಶಕದಲ್ಲೇ ಕೇಳಿತ್ತು, ಅದಕ್ಕೆ ಕಾರಣಗಳೂ ಇದ್ದವು. ಆದರೆ ಆ ಮಸೂದೆಯಲ್ಲಿ ಇನ್ನೊಂದು ಸಾಲಿತ್ತು: ಯೋಗ್ಯ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಜೊತೆ ಸೇರಿ ಕಂಪನಿಯೇ ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಡೋಕೆ ಕ್ರಮ ತಗೋಬೇಕು. ಅಂದ್ರೆ ಅಪ್ಪ ಅಮ್ಮ ಭರಿಸ್ತಿದ್ದ ಖರ್ಚಿನ ಒಂದು ಪಾಲು ಕಂಪನಿಯ ಲೆಕ್ಕಕ್ಕೆ. ನಾನು ನೋಡಿದ ಟಿವಿ ಚರ್ಚೆಗಳಲ್ಲೆಲ್ಲ 50, 70 ಅಂತ ಕೂಗಾಡಿದ್ರು. ಈ ಸಾಲನ್ನು ಯಾರೂ ಓದಲಿಲ್ಲ.