ಭಾರದ ಲಾರಿಗಳಲ್ಲಿ ಹೊರಳುವ ಇರುಸು ಮತ್ತು ಸ್ಪ್ರಿಂಗಿನ ವ್ಯವಸ್ಥೆ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಳ್ಳಂಬೆಳ್ಳದ ಬಳಿ ಅರ್ಧ ಗಂಟೆ ನಿಂತವರಿಗೆ ಭಾರವಾಹನಗಳ ರಚನೆಯ ಮುಖ್ಯ ಪಾಠಗಳೆಲ್ಲವೂ ಕಣ್ಣೆದುರಿಗೇ ಹಾದುಹೋಗುತ್ತವೆ. ಕೆಲವು ಲಾರಿಗಳಲ್ಲಿ ಮುಂದಿನ ಎರಡು ಇರುಸುಗಳೂ ಚುಕ್ಕಾಣಿಗೆ ಒಳಪಟ್ಟು ಹೊರಳುತ್ತವೆ. ಕೆಲವದರಲ್ಲಿ ಹಿಂದಿನ ಇರುಸುಗಳಲ್ಲೊಂದು ನೆಲ ಬಿಟ್ಟು ಮೇಲಕ್ಕೆ ಎತ್ತಿಕೊಂಡಿರುತ್ತದೆ. ಹಿಂದೆ 4ನೆಯದಾಗಿದ್ದು ಈಗ 48ನೆಯದೆನಿಸಿರುವ ಈ ರಾಷ್ಟ್ರೀಯ ಹೆದ್ದಾರಿಯು ಬೆಂಗಳೂರನ್ನು ಪುಣೆ, ಮುಂಬಯಿಗಳೊಡನೆ ಕೂಡಿಸುವುದಾದಕಾರಣ ಇಂತಹ ವಾಹನಗಳಿಗೆ ಇಲ್ಲಿ ಕೊರತೆಯಿಲ್ಲ. ಚಕ್ರವು ಯಾವ ದಿಕ್ಕಿಗೆ ಮುಖಮಾಡಬೇಕು, ಮತ್ತು ಅದು ಎಷ್ಟು ಭಾರವನ್ನು ಹೊರಬೇಕು ಎಂಬ ಎರಡು ಪ್ರಶ್ನೆಗಳನ್ನು ಪಠ್ಯಗ್ರಂಥಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುವುದು ವಾಡಿಕೆ. ಇವೆರಡೂ ವಾಸ್ತವವಾಗಿ ಒಂದೇ ಪ್ರಶ್ನೆಯ ಎರಡು ಮುಖಗಳೆಂದೂ, ಇವನ್ನು ಬೇರ್ಪಡಿಸಿದಾಗ ನಷ್ಟವನ್ನು ತೆರುವುದು ರಸ್ತೆಯೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ತಿರುವಿನ ವಿಚಾರವನ್ನು ನೋಡೋಣ. ಎತ್ತಿನ ಗಾಡಿಗೆ ಇರುವುದು ಒಂದೇ ಇರುಸು; ಆದುದರಿಂದ ಅದು ಯಾವ ಮೂಲೆಯಲ್ಲಿಯೂ ಗಾಲಿಯನ್ನು ನೆಲಕ್ಕೆ ಉಜ್ಜದೆ ಹೊರಳಬಲ್ಲದು. ತೇರಿನ ಸಂಗತಿ ಹಾಗಲ್ಲ. ಅದರ ಗಾಲಿಗಳೆಲ್ಲ ಒಂದೇ ದಿಕ್ಕಿಗೆ ನಿಂತಿರುವುದರಿಂದ ಬೀದಿಯ ಮೂಲೆ ಬಂದಾಗ ಗಾಲಿಯಡಿಗೆ ಮರದ ಬೆಣೆ ಕೊಟ್ಟು, ಹಗ್ಗ ಹಿಡಿದವರ ಬಲದಿಂದ ಅದನ್ನು ಉಜ್ಜಿಯೇ ಹೊರಳಿಸಬೇಕು. ಯಾವ ವಾಹನವೂ ಉಜ್ಜದೆ ತಿರುಗಬೇಕಾದರೆ ಅದರ ಎಲ್ಲ ಚಕ್ರಗಳ ಇರುಸುರೇಖೆಗಳನ್ನು ಬೆಳೆಸಿದಾಗ ಅವು ಒಂದೇ ಬಿಂದುವಿನಲ್ಲಿ ಸಂಧಿಸಬೇಕು. ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರನು ಕಂಡುಹಿಡಿದು, 1818ರಲ್ಲಿ ಆಕರ್ಮನ್ನನು ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಚುಕ್ಕಾಣಿಯ ತತ್ತ್ವ ಇದೇ ಆಗಿದೆ. ಮುಂದಿನ ಮತ್ತು ಹಿಂದಿನ ಇರುಸುಗಳ ಅಂತರ 6 ಮೀಟರು, ಹೊರಳುಗೂಟಗಳ ಅಂತರ 2 ಮೀಟರು ಇರುವ ಲಾರಿಯಲ್ಲಿ ಒಳಚಕ್ರವು 30 ಡಿಗ್ರಿ ಹೊರಳಿದರೆ ಹೊರಚಕ್ರವು ಸುಮಾರು 26 ಡಿಗ್ರಿ ಮಾತ್ರ ಹೊರಳಬೇಕು.

ಹಿಂದೆ ಒಂದೇ ಇರುಸು ಇರುವವರೆಗೆ ಈ ನಿಯಮವನ್ನು ಪಾಲಿಸುವುದು ಸುಲಭ. ಭಾರ ಹೆಚ್ಚಿದಂತೆ ಇರುಸುಗಳನ್ನೂ ಹೆಚ್ಚಿಸಬೇಕಾಗುತ್ತದೆ. ತೊಡಕು ಹುಟ್ಟುವುದು ಅಲ್ಲಿ. ಹಿಂದೆ 1.35 ಮೀಟರು ಅಂತರದಲ್ಲಿ ಹೊರಳದ ಮೂರು ಇರುಸುಗಳಿವೆಯೆಂದೂ, ಅವುಗಳ ನಡುವಣದು 15 ಮೀಟರು ತ್ರಿಜ್ಯದ ತಿರುವಿನಲ್ಲಿ ಸಾಗುತ್ತಿದೆಯೆಂದೂ ಭಾವಿಸೋಣ. ಹೆದ್ದಾರಿಯನ್ನು ಬಿಟ್ಟು ಊರಿನ ರಸ್ತೆಗೆ ಇಳಿಯುವಾಗ ಇಂತಹ ತಿರುವುಗಳು ಅಪರೂಪವಲ್ಲ. ಆಗ ನಡುವಣ ಇರುಸು ಸರಿಯಾಗಿ ಉರುಳುತ್ತದೆ. ಉಳಿದೆರಡರ ಚಕ್ರಗಳು ತಾವು ಸಾಗುವ ದಿಕ್ಕಿಗೆ ಸುಮಾರು 5 ಡಿಗ್ರಿ ಓರೆಯಾಗಿ ಜಾರುತ್ತವೆ. ಟೈರಿನ ರಬ್ಬರು ಸವೆಯುತ್ತದೆ, ಡಾಂಬರಿನ ಮೇಲ್ಪದರ ಕಿತ್ತುಬರುತ್ತದೆ.

ಇನ್ನು ಭಾರದ ವಿಚಾರ. ಕೇಂದ್ರ ಸರ್ಕಾರವು 2018ರ ಜುಲೈಯಲ್ಲಿ ಇರುಸುಭಾರದ ಮಿತಿಗಳನ್ನು ಏರಿಸಿತು. ನಾಲ್ಕು ಟೈರುಗಳ ಒಂಟಿ ಇರುಸಿಗೆ ಇದ್ದ 10.2 ಟನ್ನಿನ ಮಿತಿ 11.5 ಟನ್ನಾಯಿತು, ಮೂರು ಇರುಸುಗಳ ಗುಂಪಿಗೆ ಇದ್ದ 24 ಟನ್ನು 27 ಆಯಿತು. ಅಮೆರಿಕದ ಇಲಿನಾಯಿಯಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಹೊರಪಟ್ಟ ಸ್ಥೂಲ ನಿಯಮವೊಂದಿದೆ: ರಸ್ತೆಗೆ ಆಗುವ ಹಾನಿಯು ಇರುಸುಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದರಂತೆ 10.2ರಿಂದ 11.5ಕ್ಕೆ ಏರಿದ ಭಾರ ಎಂಟನೆಯ ಒಂದು ಪಾಲಿನಷ್ಟೇ ಆದರೂ ಆ ಇರುಸಿನಿಂದಾಗುವ ಹಾನಿ ಸುಮಾರು 1.6 ಪಟ್ಟಾಗುತ್ತದೆ. ಆದಕಾರಣ ಒಟ್ಟು ಭಾರವೆಷ್ಟು ಎಂಬುದಕ್ಕಿಂತ ಅದು ಇರುಸುಗಳ ನಡುವೆ ಹೇಗೆ ಹಂಚಿಹೋಗಿದೆ ಎಂಬುದೇ ಮುಖ್ಯ.

ಈ ಹಂಚಿಕೆಯನ್ನು ಮಾಡುವುದು ಸ್ಪ್ರಿಂಗಿನ ವ್ಯವಸ್ಥೆ. ಪಟ್ಟಿ ಸ್ಪ್ರಿಂಗುಗಳ ತುದಿಗಳ ನಡುವೆ ತಕ್ಕಡಿಯಂತೆ ತೂಗುವ ಸನ್ನೆಯೊಂದನ್ನು ಇಟ್ಟರೆ, ಒಂದು ಚಕ್ರ ಉಬ್ಬನ್ನೇರಿದಾಗ ಅದರ ಹೆಚ್ಚಿನ ಭಾರ ಪಕ್ಕದ ಇರುಸಿಗೂ ಹಂಚಿಹೋಗುತ್ತದೆ. ಗಾಳಿಯ ಚೀಲಗಳಲ್ಲಿ ಒತ್ತಡವು ಕೊಳವೆಗಳ ಮೂಲಕ ಸಮನಾಗುವುದರಿಂದ ಫಲ ಇನ್ನೂ ಚೆನ್ನ. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸ್ಪ್ರಿಂಗು ಬಾಗಿದಾಗ ಇರುಸು ಒಂದು ಕಂಸದಲ್ಲಿ ಚಲಿಸುತ್ತದೆ. ಚುಕ್ಕಾಣಿಯ ಸರಳು ಅದೇ ಕಂಸವನ್ನು ಅನುಸರಿಸದಿದ್ದರೆ, ಚಾಲಕನು ಚಕ್ರವನ್ನು ಅಲುಗಿಸದಿದ್ದರೂ ರಸ್ತೆಯುಬ್ಬಿನ ಮೇಲೆ ಲಾರಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಹೊರಳುವಿಕೆಯೂ ಭಾರವಹನವೂ ಬೇರೆಯಲ್ಲವೆಂಬುದಕ್ಕೆ ಇದು ಮೊದಲನೆಯ ಸಾಕ್ಷಿ.

ಎರಡನೆಯ ಸಾಕ್ಷಿ ಎತ್ತುವ ಇರುಸು. ಬರಿದಾದ ಲಾರಿಯಲ್ಲಿ ಒಂದು ಇರುಸನ್ನು ಎತ್ತಿಕೊಳ್ಳುವುದು ನ್ಯಾಯವೇ. ಟೈರೂ ಎಣ್ಣೆಯೂ ಉಳಿಯುತ್ತವೆ. ಆದರೆ ತುಂಬಿದ ಲಾರಿಯಲ್ಲಿಯೂ ಟೈರಿನ ಉಜ್ಜಾಟಕ್ಕೆ ಹೆದರಿ ಅದನ್ನು ಎತ್ತುವ ಆಸೆ ಹುಟ್ಟುತ್ತದೆ. ಮೂರು ಇರುಸುಗಳು ತಲಾ 9 ಟನ್ನಿನಂತೆ ಹೊರುತ್ತಿದ್ದ 27 ಟನ್ನು ಆಗ ಎರಡರ ಮೇಲೆಯೇ ಬಿತ್ತೆಂದು ಎಣಿಸೋಣ. ಒಂದೊಂದರ ಭಾರ 13.5 ಟನ್ನು, ನಾಲ್ಕನೆಯ ಘಾತದ ಲೆಕ್ಕದಲ್ಲಿ ಒಟ್ಟು ಹಾನಿ ಸುಮಾರು 3.4 ಪಟ್ಟು. ಉಳಿದದ್ದು ಮಾಲೀಕನ ಒಂದು ಜೊತೆ ಟೈರು; ಒಡೆದದ್ದು ಲಾರಿಯನ್ನೇ ಕಾಣದ ರೈತನೂ ನಡೆಯುವ ರಸ್ತೆ.

ದಂಡದಿಂದ ಮಾತ್ರ ಇದನ್ನು ತಡೆಯುವುದು ಕಷ್ಟ. ರಚನೆಯಿಂದಲೇ ತಡೆಯುವ ಮಾರ್ಗವೊಂದಿದೆ. ಮೂರನೆಯ ಇರುಸಿನ ಹೊರಳುಗೂಟಗಳನ್ನು, ಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಸ್ವಲ್ಪ ಮುಂದಕ್ಕೆ ಇಟ್ಟರೆ, ತಳ್ಳುಕುರ್ಚಿಯ ಪುಟ್ಟ ಗಾಲಿಯಂತೆ ಚಕ್ರವು ತಾನಾಗಿಯೇ ದಾರಿಗೆ ಹೊರಳುತ್ತದೆ. ನಮ್ಮ ಮೇಲಿನ ಉದಾಹರಣೆಯಲ್ಲಿ ತಿರುವಿನ ಕೇಂದ್ರವು ಆಗ ಮೊದಲೆರಡು ಇರುಸುಗಳ ನಡುವಿನ ರೇಖೆಗೆ ಸರಿಯುತ್ತದೆ; ಅವುಗಳ ಜಾರುಕೋನ 5ರಿಂದ ಸುಮಾರು 2.6 ಡಿಗ್ರಿಗೆ ಇಳಿಯುತ್ತದೆ. ಉಜ್ಜಾಟ ತಗ್ಗಿದ ಮೇಲೆ ಇರುಸನ್ನು ಎತ್ತುವ ಆಸೆಗೆ ಕಾರಣವೂ ತಗ್ಗುತ್ತದೆ. ಹಿಮ್ಮುಖವಾಗಿ ಚಲಿಸುವಾಗ ಈ ಚಕ್ರಗಳು ವಿರುದ್ಧ ದಿಕ್ಕಿಗೆ ಹೊರಳಿಬಿಡುವುದರಿಂದ ಅವನ್ನು ನೇರವಾಗಿ ಬಂಧಿಸುವ ಅಗಳಿಯೂ, ವೇಗದಲ್ಲಿ ನಡುಗದಂತೆ ಹಿಡಿಯುವ ಸಾಧನವೂ ಇರಲೇಬೇಕು.

ಈ ತತ್ತ್ವದ ಪರಿಪೂರ್ಣ ರೂಪವನ್ನು ಅತಿಭಾರದ ಜಲಬಲ ಟ್ರೇಲರುಗಳಲ್ಲಿ ಕಾಣುತ್ತೇವೆ. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನದಂತಹ ಕೇಂದ್ರಗಳಿಗೆ ಬೇಕಾದ ದೊಡ್ಡ ಟ್ರಾನ್ಸ್‌ಫಾರ್ಮರಿನ ಒಡಲನ್ನು ತುಂಡುಮಾಡಿ ತರಲಾಗದು. 1.5 ಮೀಟರು ಅಂತರದ 12 ಸಾಲು ಇರುಸುಗಳು ಹೊರಳದೆ 30 ಮೀಟರು ತ್ರಿಜ್ಯದಲ್ಲಿ ತಿರುಗಬೇಕಾದರೆ ಕೊನೆಯ ಸಾಲಿನ ಜಾರುಕೋನ 15 ಡಿಗ್ರಿಯನ್ನು ಮೀರುತ್ತದೆ. ಅದು ಅಸಾಧ್ಯವೇ ಸರಿ. ಆದುದರಿಂದ ಅಲ್ಲಿ ಪ್ರತಿಯೊಂದು ಸಾಲೂ ತನ್ನ ಸ್ಥಾನಕ್ಕೆ ತಕ್ಕ ಕೋನದಲ್ಲಿ ಹೊರಳುತ್ತದೆ. ಸ್ಪ್ರಿಂಗಿಗೆ ಬದಲಾಗಿ ಎಣ್ಣೆಯ ಉರುಳೆಗಳಿದ್ದು, ಅವುಗಳನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ಕೊಳವೆಗಳಿಂದ ಕೂಡಿಸಿರುತ್ತಾರೆ. ಗುಂಪಿನೊಳಗೆ ಒತ್ತಡ ಒಂದೇ ಆದುದರಿಂದ ಹಳ್ಳದ ಮೇಲಿರುವ ಚಕ್ರವೂ ದಿಣ್ಣೆಯ ಮೇಲಿರುವ ಚಕ್ರವೂ ಸಮಭಾರವನ್ನು ಹೊರುತ್ತವೆ. ಇಡೀ ಹೊರೆ ಮುಕ್ಕಾಲಿಯ ಮೇಲೆ ಕುಳಿತಂತೆ ಅಲುಗದೆ ನಿಲ್ಲುತ್ತದೆ. ಗುರುತ್ವಕೇಂದ್ರವು ಆ ತ್ರಿಕೋನದ ಹೊರಕ್ಕೆ ಹೋದರೆ ಮಾತ್ರ ಮಗುಚುವುದು ನಿಶ್ಚಯ. 2018ರ ಡಿಸೆಂಬರಿನಲ್ಲಿ ತಮಿಳುನಾಡಿನ ಕೊರಕ್ಕೋಟೆಯಿಂದ ಹೊರಟ ವಿಷ್ಣುವಿನ ಏಕಶಿಲೆಯು 240 ಚಕ್ರಗಳ ಇಂತಹ ವಾಹನದ ಮೇಲೆ 2019ರ ಜೂನ್ ವೇಳೆಗೆ ಬೆಂಗಳೂರಿನ ಈಜೀಪುರವನ್ನು ಮುಟ್ಟಿತು. ಬೆಣೆ ಕೊಟ್ಟು ಹೊರಳಿಸಿದ ತೇರಿಗೂ ಇದಕ್ಕೂ ಇರುವ ಅಂತರವೇ ಈ ಶಾಸ್ತ್ರದ ಚರಿತ್ರೆ.

ಅತಿಭಾರಕ್ಕೆ ಅನಿವಾರ್ಯವೆಂದು ಒಪ್ಪಿಕೊಂಡ ನಿಯಮವನ್ನು ನಿತ್ಯದ ಲಾರಿಗೂ ತಕ್ಕಷ್ಟು ಅನ್ವಯಿಸಬೇಕೆಂಬುದೇ ನಮ್ಮ ವಾದದ ಸಾರ. ಹೆಚ್ಚಿನ ಇರುಸಿನ ಬೆಲೆಯನ್ನು ಎಣಿಸುವ ರಚನಾಕಾರನು ಟೈರಿನ ಜೊತೆಗೆ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಹೊರಳುವ ಇರುಸು ದುಬಾರಿಯೆಂಬ ಮಾತು ಬಹುಮಟ್ಟಿಗೆ ನಿಲ್ಲಲಾರದು.