ಹೊಲದ ಮರಗಳನ್ನು ತೆಗೆಯುವ ಕ್ರಮ

ಬಲಿತ ಮರವನ್ನು ಹೊಲದಿಂದ ತೆಗೆಯುವುದು ಹಿಂದೆ ಕೊಡಲಿ, ಹಗ್ಗ ಮತ್ತು ಎತ್ತುಗಳಿಂದ ಹಲವು ದಿನ ನಡೆಯುತ್ತಿದ್ದ ಕೆಲಸ. ಈಗ ಯಂತ್ರದ ಗರಗಸವೂ ಮಣ್ಣು ಅಗೆಯುವ ಯಂತ್ರವೂ ಅದನ್ನು ಬೇಗನೆ ಮುಗಿಸುತ್ತವೆ. ಆದರೆ ಅಪಾಯವೂ ಅಷ್ಟೇ ಬೇಗ ಒದಗುವುದು.

೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ, ವಿನಾಯಿತಿಯುಳ್ಳ ಜಾತಿಗಳ ಹೊರತು ಮಿಕ್ಕ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಪಡೆಯತಕ್ಕದ್ದು. ವಿದ್ಯುತ್ ತಂತಿ ಸಮೀಪದಲ್ಲಿದ್ದರೆ ಪ್ರವಾಹ ನಿಲ್ಲಿಸಿದ ಹೊರತು ಕೆಲಸಕ್ಕೆ ತೊಡಗಕೂಡದು.

ಮರ ಬೀಳಬೇಕಾದ ಕಡೆ ಬುಡದ ದಪ್ಪದ ನಾಲ್ಕರಲ್ಲೊಂದು ಪಾಲಿನಷ್ಟು ಕಚ್ಚು ಮಾಡಿ, ಬಳಿಕ ಹಿಂಬದಿಯಿಂದ ಕೊಯ್ಯಬೇಕು. ನಡುವೆ ಹತ್ತರಲ್ಲೊಂದು ಪಾಲನ್ನು ಕೊಯ್ಯದೆ ಉಳಿಸಿದರೆ, ಅದು ಬಾಗಿಲಿನ ಕೀಲಿನಂತೆ ಮರವನ್ನು ಗೊತ್ತಾದ ದಿಕ್ಕಿಗೆ ಬಾಗಿಸುವುದು. ಅದನ್ನೂ ಕೊಯ್ದುಬಿಟ್ಟರೆ ಮರ ಎತ್ತ ಉರುಳುವುದೆಂದು ಹೇಳಲಾಗದು. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೊಯ್ಯುವವರಲ್ಲದೆ ಬೇರೆ ಯಾರೂ ಇರಬಾರದು.

ಬೇರನ್ನು ಯಂತ್ರದಿಂದ ಕೀಳಿಸುವುದಾದರೆ ಬೊಡ್ಡೆಯನ್ನು ಮೂರು ನಾಲ್ಕು ಅಡಿ ಎತ್ತರ ಉಳಿಸುವುದು ಲೇಸು. ಅದು ಸನ್ನೆಗೋಲಿನಂತೆ ಯಂತ್ರಕ್ಕೆ ನೆರವಾಗುವುದು. ನೀಲಗಿರಿಯ ಬೊಡ್ಡೆಯನ್ನು ಕೀಳದೆ ಬಿಟ್ಟರೆ ಮತ್ತೆ ಚಿಗುರುವುದು. ಅಗೆಯುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿ, ಗುಂಡಿಯನ್ನು ಅಡಿಮಣ್ಣಿನಿಂದ ತುಂಬಿ, ಕಡೆಗೆ ಅದನ್ನು ಹರಡಬೇಕು. ಹಸಿ ನೆಲಕ್ಕೆ ಭಾರಿ ಯಂತ್ರವನ್ನು ಇಳಿಸಿದರೆ ಮಣ್ಣು ಬಿಗಿದು ಮುಂದಿನ ಪೈರಿನ ಬೇರು ಆಳಕ್ಕೆ ಇಳಿಯದು.

ಯಂತ್ರ ನೋಡಲು ಮಕ್ಕಳೂ ಸೌದೆ ಆಯಲು ಬಡವರೂ ಬಳಿಗೆ ಬರುವುದು ಸಹಜ. ಕೆಲಸ ಮುಗಿಯುವವರೆಗೆ ಅವರನ್ನು ದೂರವಿರಿಸುವುದು ಜಮೀನುದಾರರ ಮತ್ತು ಗ್ರಾಮದ ಮುಖಂಡರ ಹೊಣೆ.